ಪಂಪ್ ರೂಮಿನ ಸೊಸೆಯಂದಿರು

ಎರಡೂ ಪಂಪು ಒಂದೇ ದಿನ ಕೆಟ್ಟವು. ಬೆಳಿಗ್ಗೆ ಹಿರಿಸೊಸೆ, ಊಟದ ಹೊತ್ತಿಗೆ ಕಿರಿಸೊಸೆ.

ಆ ಹೆಸರುಗಳನ್ನಿಟ್ಟವರು ಪಂಪು ನೋಡಿಕೊಳ್ಳುವ ಮೇಸ್ತ್ರಿ. ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಜನರೇಟರ್ ಶೆಡ್ಡಿಗೂ ನಡುವೆ ಪಂಪ್ ರೂಮು ಇದೆ. ಶುದ್ಧ ಮಾಡಿದ ನೀರನ್ನು ಮೇಲಿನ ಡಯಾಲಿಸಿಸ್ ವಾರ್ಡಿಗೆ ತಳ್ಳುವ ಎರಡು ಪಂಪುಗಳು ಅಲ್ಲಿ ಅಕ್ಕಪಕ್ಕ ಕೂತಿವೆ. ಕೆಲಸಕ್ಕೆ ಒಂದು ಸಾಕು. ಅದು ಕೈಕೊಟ್ಟರೆ ಇರಲಿ ಎಂದು ಇನ್ನೊಂದು. ನೀರು ನಿಂತರೆ ಮೇಲೆ ಯಂತ್ರಗಳೆಲ್ಲ ಒಟ್ಟಿಗೆ ಕೂಗಿಕೊಳ್ಳುತ್ತವೆ, ನರ್ಸುಗಳು ಕುರ್ಚಿಯಿಂದ ಕುರ್ಚಿಗೆ ಓಡುತ್ತಾರೆ, ರೋಗಿಗಳು ಅರ್ಧಂಬರ್ಧ ತೊಳೆದ ರಕ್ತವನ್ನು ಮೈಗೆ ವಾಪಸ್ ತುಂಬಿಸಿಕೊಂಡು ಮನೆಗೆ ಹೋಗುತ್ತಾರೆ. ಆ ದಿನ ಹಾಗೆ ಹೋದವರಲ್ಲಿ ನಮ್ಮ ದೊಡ್ಡಮ್ಮನೂ ಒಬ್ಬಳು. ವಾರ್ಡು ಮತ್ತೆ ಶುರುವಾಗಲು ಎರಡು ದಿನ ಹಿಡಿಯಿತು. ಆ ಎರಡು ದಿನದಲ್ಲಿ ಅವಳ ಮುಖ ಊದಿಕೊಂಡು ಕಣ್ಣು ಬಿಡಲಾಗದ ಹಾಗಾಗಿತ್ತು.

ತಪಾಸಣೆಯವರು ಬಂದರು. ವಾರ್ಡು, ಪಂಪ್ ರೂಮು, ಮ್ಯಾನೇಜರರ ಮುಖ ಎಲ್ಲವನ್ನೂ ನೋಡಿದರು. ಇನ್ನೊಂದು ವರ್ಷ ಬಿಟ್ಟು ಬರುತ್ತೇವೆ, ಅಷ್ಟರೊಳಗೆ ನೀರಿಲ್ಲದೆ ಒಂದೇ ಒಂದು ಸಲ ಚಿಕಿತ್ಸೆ ನಿಂತರೂ ವಾರ್ಡು ಮುಚ್ಚಿಸುತ್ತೇವೆ, ರೋಗಿಗಳು ದೊಡ್ಡ ಊರಿನ ಆಸ್ಪತ್ರೆಗೆ ಹೋಗಲಿ ಎಂದರು. ದೊಡ್ಡ ಊರಿಗೆ ಬಸ್ಸಿನಲ್ಲಿ ಹೋಗಿ ಬರುವುದೆಂದರೆ ಇಡೀ ದಿನ. ಅಂಥ ದಿನ ವಾರಕ್ಕೆ ಮೂರು.

ದೊಡ್ಡಮ್ಮ ಸೋಫಾದಲ್ಲಿ ಕಾಲು ಚಾಚಿಕೊಂಡೇ ಈ ಸುದ್ದಿ ಕೇಳಿದಳು. "ನಾನು ಹೋಗಲ್ಲ" ಅಂದಳು. "ಬಸ್ಸಲ್ಲಿ ಕುಲುಕಿಸ್ಕೊಂಡು ಸಾಯೋದಕ್ಕಿಂತ ಇಲ್ಲೇ ಇರ್ತೀನಿ. ಎಷ್ಟು ದಿನ ಆಗುತ್ತೋ ಅಷ್ಟು ದಿನ."

ಡಯಾಲಿಸಿಸ್ ಬಿಟ್ಟರೆ ಅದು ಎಷ್ಟು ದಿನ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಮ್ಮ ಎದ್ದು ಅಡುಗೆಮನೆಗೆ ಹೋಗಿ, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಎರಡೂ ಒಟ್ಟಿಗೆ ಕೆಟ್ಟದ್ದು ದುರದೃಷ್ಟ ಎಂದು ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಬಂತು. ಹಿರಿಯ ನರ್ಸ್ ಹೇಳಿದರು, ಮ್ಯಾನೇಜರ್ ಹೇಳಿದರು, ಮೇಸ್ತ್ರಿ ದಿನಾ ಹೇಳಿದರು. ನಾನು ನಿರ್ವಹಣೆ ವಿಭಾಗಕ್ಕೆ ಇಂಜಿನಿಯರಾಗಿ ಸೇರಿ ಆಗ ಹೆಚ್ಚು ದಿನವಾಗಿರಲಿಲ್ಲ. ಯಾರು ಏನೇ ಹೇಳಲಿ, ನಿಮಗೆ ಹೇಗೆ ಗೊತ್ತು ಎಂದು ಕೇಳುವ ಚಾಳಿ ನನಗೆ. ಅದಕ್ಕೇ ಮೇಸ್ತ್ರಿ ನನಗೆ ಅನುಮಾನಮ್ಮ ಎಂದು ಹೆಸರಿಟ್ಟಿದ್ದರು. ಅವರ ಬೆನ್ನ ಹಿಂದೆ ಅವರಿಗೂ ಒಂದು ಹೆಸರಿತ್ತು: ಸಮಪಾಲು. ಚಹಾ ಹೊತ್ತಿನಲ್ಲಿ ಒಂದೇ ಬಿಸ್ಕತ್ತು ಉಳಿದರೆ ಅದನ್ನು ಕತ್ತರಿಸಲು ಅವರು ಉಕ್ಕಿನ ಅಳತೆಪಟ್ಟಿ ಹುಡುಕುತ್ತಿದ್ದರು. ತಮಾಷೆಗಲ್ಲ.

ಪಂಪುಗಳಿಗೂ ಅದೇ ನ್ಯಾಯ. ಒಂದು ವಾರ ಹಿರಿಸೊಸೆ, ಒಂದು ವಾರ ಕಿರಿಸೊಸೆ, ಸೋಮವಾರ ಬೆಳಿಗ್ಗೆ ಪಾಳಿ ಬದಲು. ಒಮ್ಮೆ ಮೇಸ್ತ್ರಿಗೆ ಜ್ವರ ಬಂದು ಪಾಳಿ ಬದಲಾಗದೆ ಕಿರಿಸೊಸೆ ಒಂದು ದಿನ ಹೆಚ್ಚು ಓಡಿದಳಂತೆ. ಗುಣವಾಗಿ ಬಂದ ಮೇಲೆ ಅವರು ಹಿರಿಸೊಸೆಯನ್ನೂ ಒಂದು ದಿನ ಹೆಚ್ಚು ಓಡಿಸಿ ಲೆಕ್ಕ ಸರಿಮಾಡಿದ್ದರು. ಇದನ್ನು ಅವರೇ ಹೆಮ್ಮೆಯಿಂದ ನನಗೆ ಹೇಳಿದ್ದು. ಒಂದೇ ಮನೆಗೆ ಬಂದ ಇಬ್ಬರು ಸೊಸೆಯರಲ್ಲಿ ಒಬ್ಬಳನ್ನು ದುಡಿಸಿ ಇನ್ನೊಬ್ಬಳನ್ನು ಕೂರಿಸಿದರೆ ಆ ಮನೆ ಉದ್ಧಾರವಾಗುತ್ತದೆಯೇ ಎಂದು ಅವರ ಪ್ರಶ್ನೆ.

ಕೆಟ್ಟ ಪಂಪುಗಳನ್ನು ಬಿಚ್ಚಿದಾಗ ಹೋಗಿದ್ದದ್ದು ಸೀಲು. ತಿರುಗುವ ದಂಡದ ಸುತ್ತ ನೀರು ಸೋರದಂತೆ ಹಿಡಿಯುವ, ಬಳೆಯಂಥ ಸಣ್ಣ ಸಾಮಾನು ಅದು. ಮೇಸ್ತ್ರಿ ಹಳೆಯ ಸಾಮಾನು ಯಾವುದನ್ನೂ ಎಸೆಯುವವರಲ್ಲ. ಎರಡೂ ಪಂಪಿನ ಹಳೆಯ ಸೀಲುಗಳನ್ನು ಒಂದು ಡಬ್ಬಿಯಲ್ಲಿ ಹಾಕಿಟ್ಟಿದ್ದರು. ಆ ಡಬ್ಬಿ ತಂದು, ಎರಡನ್ನೂ ಒರೆಸಿ, ಕಿಟಕಿಯ ಬೆಳಕಿಗೆ ಅಕ್ಕಪಕ್ಕ ಇಟ್ಟೆ. ಒಂದೇ ಕಡೆ ಗೀರು, ಒಂದೇ ಆಳ. ಅಂಚಿನಲ್ಲಿ ಒಂದೇ ಥರದ ಬಿರುಕು.

"ಮೇಸ್ತ್ರಿ, ಇದರಲ್ಲಿ ಹಿರಿಸೊಸೇದು ಯಾವುದು?"

ಅವರು ಕನ್ನಡಕ ಹಾಕಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಮೊದಲು ಎಡಗಡೆಯದು ಎಂದರು. ಆಮೇಲೆ ಅಲ್ಲ ಎಂದರು.

"ಒಂದೇ ಅಂಗಡೀದು, ಒಂದೇ ದಿನ ಹಾಕಿದ್ದು, ಒಂದೇ ಸಮ ಓಡಿದ್ದು" ಎಂದೆ. "ಒಟ್ಟಿಗೆ ಹೋಗದೆ ಇನ್ನೇನ್ ಮಾಡ್ತವೆ?"

ಮೇಸ್ತ್ರಿ ಸೀಲುಗಳನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು. ಅವತ್ತು ಚಹಾಕ್ಕೆ ಬರಲಿಲ್ಲ.

ದುರದೃಷ್ಟಕ್ಕೆ ಮದ್ದಿಲ್ಲ, ನ್ಯಾಯಕ್ಕೆ ಇದೆ. ಅನ್ಯಾಯ ಮಾಡಿದರಾಯಿತು. ಹಿರಿಸೊಸೆ ವಾರವಿಡೀ ದುಡಿಯಲಿ. ಕಿರಿಸೊಸೆ ಸುಮ್ಮನೆ ಕೂತಿರಲಿ. ಪೂರ್ತಿ ಸುಮ್ಮನಿದ್ದರೆ ಜಾಮ್ ಆಗಿಬಿಡುತ್ತಾಳೆ ಎಂದು ಮೇಸ್ತ್ರಿಯೇ ಎಚ್ಚರಿಸಿದ್ದರು, ಆ ಮಾತು ನಿಜ. ಹಾಗಾಗಿ ವಾರ್ಡಿಗೆ ರಜೆಯಿರುವ ಭಾನುವಾರ ಅವಳನ್ನು ಸ್ವಲ್ಪ ಹೊತ್ತು ಓಡಿಸಿ ನೋಡುವುದು. ಕೆಟ್ಟರೆ ಯಾರೂ ಇಲ್ಲದಾಗ ಕೆಡಲಿ. ಇನ್ನು, ಎರಡಕ್ಕೂ ಒಂದೇ ಕಂಪನಿಯ ಸೀಲು ಬೇಡ. ಹಿರಿಯವಳಿಗೆ ಕಂಪನಿಯದು, ಕಿರಿಯವಳಿಗೆ ಪೇಟೆಯ ಅಂಗಡಿಯದು. ಯಾವುದು ಒಳ್ಳೆಯದೋ ನಮಗೆ ಗೊತ್ತಿಲ್ಲ. ಎರಡೂ ಒಟ್ಟಿಗೆ ಕೆಟ್ಟದ್ದಾಗಿರುವುದು ಕಷ್ಟ, ಅಷ್ಟೇ.

ಮ್ಯಾನೇಜರರ ಮನಸ್ಸಿನಲ್ಲಿ ಬೇರೆಯೇ ಇತ್ತು. ಅವರಿಗೆ ಮೂರನೇ ಪಂಪು ಬೇಕಿತ್ತು, ಮುಂದೆ ಅಂಕಿ ಹೊಳೆಯುವ ಗಾಜಿನ ಪರದೆ ಇರುವಂಥದ್ದು, ತಪಾಸಣೆಯವರಿಗೆ ತೋರಿಸಲು ಚೆಂದ. ಹಳೆಯ ಲೆಕ್ಕದಲ್ಲೇ ಓಡಿಸಿದರೆ ಮೂರು ಸೊಸೆಯಂದಿರೂ ಒಂದೇ ದಿನ ಮಲಗುತ್ತಾರೆ ಎಂದೆ. ಆ ಹಣದಲ್ಲಿ ನನಗೆ ಬೇಕಾಗಿದ್ದದ್ದು ಪಂಪಿಗೆ ಎರಡರಂತೆ ನಾಲ್ಕು ವಾಲ್ವು, ಕಪಾಟಿನಲ್ಲಿಡಲು ಒಂದಷ್ಟು ಸೀಲು ಮತ್ತು ಬೇರಿಂಗು. ಎರಡೂ ಪಂಪಿಗೆ ಒಂದೇ ವಾಲ್ವು ಇದ್ದದ್ದರಿಂದ ಒಂದನ್ನು ಬಿಚ್ಚಬೇಕಾದರೆ ಎರಡನ್ನೂ ನಿಲ್ಲಿಸಬೇಕಿತ್ತು. ಆ ಎರಡು ದಿನ ವಾರ್ಡು ಮುಚ್ಚಿದ್ದರಲ್ಲಿ ಅರ್ಧ ಪಾಲು ಆ ವಾಲ್ವಿನದು. ಉಳಿದರ್ಧ, ದೊಡ್ಡ ಊರಿನಿಂದ ಸೀಲು ಬರಲು ಕಾದದ್ದು.

"ಹೊಸ ಸೀಲು ಎಷ್ಟು ತಿಂಗಳು ಬಾಳಿಕೆ ಬರುತ್ತೆ?" ಎಂದರು ಮ್ಯಾನೇಜರ್. "ಒಂದು ಸಂಖ್ಯೆ ಹೇಳಮ್ಮ, ಮೇಲಿನವರಿಗೆ ಹೇಳ್ಬೇಕು."

"ಗೊತ್ತಿಲ್ಲ ಸಾರ್."

"ನೀನು ಇಂಜಿನಿಯರ್ ಅಲ್ವಾ?"

"ಹೌದು ಸಾರ್. ಅದಕ್ಕೇ ಗೊತ್ತಿಲ್ಲ ಅಂದಿದ್ದು."

ಕಂಪನಿಯವರು ಎರಡು ವರ್ಷ ಎನ್ನುತ್ತಾರೆ, ಅವರು ಪರೀಕ್ಷೆ ಮಾಡಿದ್ದು ಅವರ ನೀರಿನಲ್ಲಿ. ಅಂಗಡಿಯವನು, ನೀರು ಚೆನ್ನಾಗಿದ್ದರೆ ಒಂದೂವರೆ ವರ್ಷ, ಇಲ್ಲದಿದ್ದರೆ ನಿಮ್ಮ ಅದೃಷ್ಟ ಎನ್ನುತ್ತಾನೆ. ಹಳೆಯವು ವರ್ಷ ತುಂಬುವ ಮೊದಲೇ ಹೋದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ, ಆದರೆ ಕಂಡದ್ದು ಒಂದೇ ಒಂದು ಜೋಡಿಯನ್ನು. ಈ ಮೂರರಲ್ಲಿ ಒಂದನ್ನು ಆರಿಸಿ ಹೇಳುವುದೆಂದರೆ ಕಣ್ಣು ಮುಚ್ಚಿ ಕಲ್ಲೆಸೆದಂತೆ. ನನ್ನ ವ್ಯವಸ್ಥೆಯಲ್ಲಿ ಆ ಸಂಖ್ಯೆಯೇ ಬೇಡ ಎಂದು ಅವರಿಗೆ ಬಿಡಿಸಿ ಹೇಳಿದೆ. ಸೀಲು ಮೂರು ತಿಂಗಳಿಗೆ ಹೋಗಲಿ, ಮೂರು ವರ್ಷಕ್ಕೆ ಹೋಗಲಿ, ಒಂದು ಹಳತಾಗುವಾಗ ಇನ್ನೊಂದು ಹೊಸದಾಗಿಯೇ ಇರುತ್ತದೆ. ಯಾವಾಗ ಕೆಡುತ್ತದೆ ಎಂದು ಹೇಳಲಾರೆ, ಕೆಟ್ಟಾಗ ಏನಾಗುತ್ತದೆ ಎಂದು ಹೇಳಬಲ್ಲೆ.

ಮ್ಯಾನೇಜರ್ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ನಾಲ್ಕು ವಾಲ್ವು ಮೂರನೇ ಪಂಪಿಗಿಂತ ಬಹಳ ಅಗ್ಗ ಎಂಬುದೇ ಕೊನೆಗೆ ಕೆಲಸ ಮಾಡಿತು ಎಂದು ನನ್ನ ನಂಬಿಕೆ. ಹೋಗುವಾಗ ಅವರು, ಹೆಚ್ಚುಕಮ್ಮಿಯಾದರೆ ಹೊಣೆ ನಿನ್ನದು ಎಂದರು. ನಮ್ಮ ದೊಡ್ಡಮ್ಮ ಆ ವಾರ್ಡಿನಲ್ಲಿ ಮಲಗುತ್ತಾಳೆಂದು ಅವರಿಗೆ ಗೊತ್ತಿರಲಿಲ್ಲ.

ಮೇಸ್ತ್ರಿಯನ್ನು ಒಪ್ಪಿಸಿದ್ದು ನಾನಲ್ಲ, ಆ ಡಬ್ಬಿ. ಮೂರು ದಿನ ಅವರು ಅದನ್ನು ಆಗಾಗ ತೆರೆದು ನೋಡುತ್ತಿದ್ದರು. ನಾಲ್ಕನೆಯ ದಿನ ತಾವಾಗಿಯೇ ಬಂದು, "ಮಾಡೋಣ, ಆದ್ರೆ ಹಿರಿಯವಳು ಪಾಪ" ಎಂದರು. ಆಮೇಲೆ ಅವರನ್ನು ಹಿಡಿಯಲಾಗಲಿಲ್ಲ. ವಾಲ್ವುಗಳನ್ನು ಕೂರಿಸಿದರು. ಹಳೆಯದೊಂದು ಪಂಪನ್ನು ಶೆಡ್ಡಿನಿಂದ ಎಳೆದು ತಂದು ಅದರ ಮೇಲೆ ಸೀಲು ಬದಲಿಸುವುದನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿದರು. ಮೊದಲ ಸಲ ಅರ್ಧ ದಿನ ತಿಂದ ಕೆಲಸ ಕೊನೆಗೆ ಅವರ ಒಂದು ಚಹಾ ವಿರಾಮದಷ್ಟಕ್ಕೆ ಇಳಿಯಿತು. ಅವರ ಚಹಾ ವಿರಾಮ ಚಿಕ್ಕದೇನಲ್ಲ, ಆದರೂ.

ಮನೆಯಲ್ಲಿ ಈ ಕಥೆ ಹೇಳಿದ್ದು ತಪ್ಪಾಯಿತು. ದೊಡ್ಡಮ್ಮ ನಮ್ಮ ಮನೆಯ ಹಿರಿಸೊಸೆ. ಅಮ್ಮ ಕಿರಿಯವಳು. ಅಮ್ಮ ಬೆಳಿಗ್ಗೆ ಸೀರೆ ಉಟ್ಟು ಶಾಲೆಗೆ ಪಾಠ ಹೇಳಲು ಹೋದರೆ, ಅಡುಗೆ, ಅಜ್ಜನ ಔಷಧಿ, ನನ್ನ ಜಡೆ, ನನ್ನ ಜ್ವರ, ಎಲ್ಲ ದೊಡ್ಡಮ್ಮನ ತಲೆಗೆ.

"ಇದನ್ನ ಕಂಡುಹಿಡಿಯೋಕೆ ಕಾಲೇಜಿಗೆ ಹೋಗ್ಬೇಕಿತ್ತಾ?" ಎಂದಳು ದೊಡ್ಡಮ್ಮ. "ನಮ್ಮತ್ತೆ ಓದೇ ಇರ್ಲಿಲ್ಲ, ಇದನ್ನೇ ಮಾಡಿದ್ದು. ಹಿರಿಯವಳು ಸವೀಲಿ, ಕಿರಿಯವಳು ಹೊಳೀಲಿ."

ಅಮ್ಮ ಅವಳ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಹೊಳ್ದಿದ್ದಕ್ಕೆ ಈಗ ಕಾಲು ಒತ್ತಕ್ಕೆ ಶಕ್ತಿ ಇದೆ ಅಕ್ಕ. ಇಬ್ರೂ ಸವೆದಿದ್ರೆ ಯಾರು ಒತ್ತೋರು?"

ದೊಡ್ಡಮ್ಮ ಇನ್ನೊಂದು ಕಾಲನ್ನೂ ಮುಂದೆ ಚಾಚಿ, "ಎಡಗಾಲಿಗೂ ಒತ್ತು" ಎಂದಳು.

ಹಿರಿಸೊಸೆ ಓಡಿದಳು. ವಾರಗಟ್ಟಲೆ, ತಿಂಗಳುಗಟ್ಟಲೆ. ಮೇಸ್ತ್ರಿ ಬೆಳಿಗ್ಗೆ ಬಂದೊಡನೆ ಅವಳ ಮೇಲೆ ಅಂಗೈ ಇಟ್ಟು ಬಿಸಿ ನೋಡುತ್ತಿದ್ದರು, ಆಮೇಲೆ ಕಿರಿಯವಳ ಕಡೆ ತಿರುಗಿ ಏನಾದರೂ ಚುಚ್ಚಿ ಮಾತಾಡುತ್ತಿದ್ದರು. ಮಹಾರಾಣಿಯವರಿಗೆ ನಿದ್ದೆಯಾಯಿತೇ ಎಂದು. ಭಾನುವಾರ ಅವಳನ್ನು ಓಡಿಸುವುದು ನನ್ನ ಕೆಲಸ. ಒತ್ತಡದ ಮುಳ್ಳು ಮೇಲೇರುವುದನ್ನು ನೋಡಿ, ಸದ್ದು ಕೇಳಿ, ನಿಲ್ಲಿಸಿ ಬರುತ್ತಿದ್ದೆ. ಏನೂ ಆಗದ ಭಾನುವಾರಗಳು ಬೇಸರ ತರಿಸುತ್ತವೆ. ಅದು ಒಳ್ಳೆಯ ಬೇಸರ.

ತಪಾಸಣೆಗೆ ಇನ್ನೂ ಅರ್ಧ ವರ್ಷ ಬಾಕಿ ಇದ್ದಾಗ ಹಿರಿಸೊಸೆ ಕೂಗಿದಳು.

ಮಧ್ಯಾಹ್ನ. ವಾರ್ಡಿನ ಎಲ್ಲ ಕುರ್ಚಿಗಳೂ ತುಂಬಿದ್ದವು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ದೊಡ್ಡಮ್ಮ. ನಾನು ಪಂಪ್ ರೂಮಿನ ಬಾಗಿಲಲ್ಲಿದ್ದೆ. ಮೊದಲು ತೆಳ್ಳಗೆ ಕೀರಲು ಸದ್ದು, ಬಾಣಲೆ ಉಜ್ಜಿದ ಹಾಗೆ. ಆಮೇಲೆ ದಂಡದ ಬುಡದಿಂದ ನೀರು ಚಿಮ್ಮಿ ಎದುರಿನ ಗೋಡೆಗೆ ಬಡಿಯಿತು. ಒತ್ತಡದ ಮುಳ್ಳು ಇಳಿಯತೊಡಗಿತು. ಅದು ಕೆಂಪು ಗೆರೆ ದಾಟಿದರೆ ಮೇಲೆ ಯಂತ್ರಗಳು ಕೂಗುತ್ತವೆ. ಒಂದು ಯಂತ್ರ ಕೂಗಿದರೂ ನಮ್ಮ ಕಥೆ ಮುಗಿಯಿತು.

ಮೇಸ್ತ್ರಿ ಎಡಗೈಯಲ್ಲಿ ಕಿರಿಯವಳ ಗುಂಡಿ ಒತ್ತಿದರು, ಬಲಗೈಯಲ್ಲಿ ಅವಳ ವಾಲ್ವು ತಿರುವಿದರು. ಕಿರಿಯವಳು ಗುರ್ ಎಂದು ಎದ್ದಳು. ಮುಳ್ಳು ಕೆಂಪು ಗೆರೆಯ ಹತ್ತಿರ ಬಂದು, ಅಲ್ಲೇ ನಡುಗುತ್ತ ನಿಂತಿತು. ಪೇಟೆಯ ಸೀಲು, ಯಾರೂ ಗ್ಯಾರಂಟಿ ಕೊಡದ ಸೀಲು. ಮುಳ್ಳು ಒಂದು ಕೂದಲೆಳೆ ಏರಿತು. ಇನ್ನೊಂದು. ಆಮೇಲೆ ನಿದ್ದೆಯಿಂದೆದ್ದವರು ಮೈಮುರಿದ ಹಾಗೆ ಸರ್ರನೆ ಏರಿ ತನ್ನ ಜಾಗದಲ್ಲಿ ಕೂತಿತು.

ಹಿರಿಯವಳ ಎರಡೂ ವಾಲ್ವು ಮುಚ್ಚಿದೆವು. ಮೇಸ್ತ್ರಿ ಅಂಗಿಯ ತೋಳು ಮಡಚಿ ಅವಳ ರಿಪೇರಿಗೆ ಕೂತರು. ಕಪಾಟಿನಿಂದ ಸೀಲು ತೆಗೆದುಕೊಡುವುದಷ್ಟೇ ನನ್ನ ಕೆಲಸ. ಪಕ್ಕದಲ್ಲಿ ಕಿರಿಯವಳು ಓಡುತ್ತಲೇ ಇದ್ದಳು. ಅವಳು ಒಬ್ಬಳೇ ಇರುವ ಹೊತ್ತು ಎಷ್ಟು ಕಡಿಮೆಯೋ ಅಷ್ಟು ಕ್ಷೇಮ. ಮೇಸ್ತ್ರಿಗೆ ಅದು ಗೊತ್ತಿತ್ತು, ಅವರ ಬೆರಳುಗಳಿಗೂ ಗೊತ್ತಿತ್ತು. ನಾನು ಮೇಲಕ್ಕೆ ಹೋಗಿ ನೋಡಿದೆ. ಯಂತ್ರಗಳು ತಮ್ಮ ಪಾಡಿಗೆ ತಿರುಗುತ್ತಿದ್ದವು. ಹಿರಿಯ ನರ್ಸ್ ಯಾರಿಗೋ ದಿಂಬು ಸರಿಮಾಡುತ್ತ, ಕೆಳಗೇನೋ ಸದ್ದಾಯಿತಲ್ಲ, ಬಕೆಟ್ ಬಿತ್ತೇ ಎಂದು ಕೇಳಿದರು. ದೊಡ್ಡಮ್ಮ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದಳು.

ಕೆಳಗೆ ಬಂದಾಗ ಹಿರಿಯವಳು ರಿಪೇರಿಯಾಗಿ ತಯಾರಾಗಿದ್ದಳು. ಮ್ಯಾನೇಜರ್ ಬಾಗಿಲಲ್ಲಿ ನಿಂತು ಗೋಡೆಯ ಒದ್ದೆ ನೋಡುತ್ತಿದ್ದರು. ಬಿಚ್ಚಿದ ಸೀಲು ಅವರ ಕೈಯಲ್ಲಿತ್ತು.

"ಎರಡು ವರ್ಷ ಬರೋ ಸಾಮಾನು ಆರು ತಿಂಗಳಿಗೆ ಹೋಯ್ತು" ಎಂದರು. "ಹಿಂದಿನ ಥರ ಹಂಚಿ ಓಡಿಸಿದ್ರೆ ಇನ್ನೂ ಅಷ್ಟೇ ತಿಂಗಳು ಬರ್ತಿತ್ತು. ಕೊನೆಗೂ ಕೆಡಿಸ್ಕೊಂಡ್ರಲ್ಲ."

ಅವರ ಲೆಕ್ಕ ತಪ್ಪಲ್ಲ. ಹಂಚಿ ಓಡಿಸಿದ್ದರೆ ಇದು ತಪಾಸಣೆಯವರು ಬರುವ ಹೊತ್ತಿಗೆ ಹೋಗುತ್ತಿತ್ತು, ಅದರ ಬೆನ್ನಿಗೇ ಇನ್ನೊಂದು. ನಾನು ಅದನ್ನು ಹೇಳಲು ಬಾಯಿ ತೆರೆದೆ. ಮೇಸ್ತ್ರಿ ಮೊದಲೇ ಮಾತಾಡಿದರು. ಅವರು ನೆಲದಲ್ಲಿ ಕೂತೇ ಕೈ ಒರೆಸಿಕೊಳ್ಳುತ್ತಿದ್ದರು.

"ಸಾರ್, ಪಂಪು ಕೆಡಬಾರದು ಅಂತ ಯಾರಾದ್ರೂ ಹೇಳಿದ್ರಾ? ಚಿಕಿತ್ಸೆ ನಿಲ್ಲಬಾರದು ಅಂತ ಹೇಳಿದ್ದು. ಮೇಲೆ ಹೋಗಿ ನೋಡ್ಕೊಂಡು ಬನ್ನಿ, ಯಾರದ್ದಾದ್ರೂ ನಿಂತಿದ್ಯಾ ಅಂತ."

ಮ್ಯಾನೇಜರ್ ನಿಜವಾಗಿಯೂ ಮೇಲೆ ಹೋದರು. ಬರುವಾಗ ಅವರ ನಡಿಗೆಯೇ ಬೇರೆ ಇತ್ತು. ಸೀಲನ್ನು ನನಗೆ ವಾಪಸ್ ಕೊಟ್ಟು, ಕಪಾಟಿನಲ್ಲಿ ಇನ್ನೆಷ್ಟು ಇವೆ, ಇನ್ನಷ್ಟು ತರಿಸಬೇಕೇ ಎಂದು ಕೇಳಿದರು. ತರಿಸಿ, ಬೇರೆ ಬೇರೆ ಕಡೆಯಿಂದ ತರಿಸಿ ಎಂದೆ.

ಇನ್ನು ಯಾರು ದುಡಿಯಬೇಕು ಎಂಬ ಪ್ರಶ್ನೆ ಬಂತು. ನನ್ನ ಲೆಕ್ಕಕ್ಕೆ ಯಾರಾದರೂ ಸರಿ, ಸಮಪಾಲು ಮಾತ್ರ ಆಗಬಾರದು. ಮೇಸ್ತ್ರಿ ಯೋಚಿಸಲೇ ಇಲ್ಲ. ಕಿರಿಯವಳು ಓಡುತ್ತಿರಲಿ, ಹಿರಿಯವಳು ಭಾನುವಾರದವಳಾಗಲಿ ಎಂದರು. ಚಹಾ ಬಂತು. ತಟ್ಟೆಯಲ್ಲಿ ಒಂದೇ ಬಿಸ್ಕತ್ತಿತ್ತು. ಅವರು ಅದನ್ನು ಇಡಿಯಾಗಿ ತಾವೇ ತಿಂದರು.

ವರ್ಷ ತುಂಬಿದಾಗ ತಪಾಸಣೆಯವರು ಬಂದರು. ಮುಂದಾಳು ಹಿಂದಿನ ಸಲ ಬಂದಿದ್ದವರೇ, ದಪ್ಪ ಮೀಸೆಯವರು. ಅವರು ಚುರುಕು ಮನುಷ್ಯ, ಮಾತು ಕೇಳಿ ಹೋಗುವವರಲ್ಲ. ವಾರ್ಡು ತುಂಬಿರುವಾಗಲೇ ಪಂಪ್ ರೂಮಿಗೆ ಇಳಿದು, ಓಡುತ್ತಿರುವುದನ್ನು ನಿಲ್ಲಿಸಿ ತೋರಿಸಿ ಎಂದರು. ಮ್ಯಾನೇಜರರ ಹಣೆಯಲ್ಲಿ ಬೆವರು. ಮೇಸ್ತ್ರಿ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಅವರು ಹಿರಿಯವಳನ್ನು ಎಬ್ಬಿಸಿ ಕಿರಿಯವಳನ್ನು ನಿಲ್ಲಿಸಿದರು. ಮುಳ್ಳು ತುಸು ತಗ್ಗಿ, ತಿರುಗಿ ತನ್ನ ಜಾಗಕ್ಕೆ ಬಂತು. ಮೀಸೆಯವರು ಮುಳ್ಳನ್ನೇ ದಿಟ್ಟಿಸಿ ನೋಡಿ, ಮತ್ತೊಮ್ಮೆ ಮಾಡಿ ಎಂದರು. ಮತ್ತೊಮ್ಮೆ ಮಾಡಿದೆವು. ಈ ಸೀಲು ಇನ್ನೆಷ್ಟು ದಿನ ಬರುತ್ತದೆ ಎಂದು ಅವರೂ ಕೇಳಿದರು. ಗೊತ್ತಿಲ್ಲ ಸಾರ್ ಎಂದವರು ಈ ಸಲ ಮ್ಯಾನೇಜರ್, ಅದೂ ಎದೆ ಮುಂದೆ ಮಾಡಿಕೊಂಡು.

ವಾರ್ಡು ಉಳಿಯಿತು. ಉಳಿದದ್ದಷ್ಟೇ ಅಲ್ಲ, ಇನ್ನೆರಡು ಕುರ್ಚಿ ಹಾಕಿಕೊಳ್ಳಲು ಒಪ್ಪಿಗೆ ಸಿಕ್ಕಿತು. ದೊಡ್ಡ ಊರಿಗೆ ಬಸ್ಸಿನಲ್ಲಿ ಕುಲುಕುತ್ತ ಹೋಗುತ್ತಿದ್ದ ಇಬ್ಬರು ಇನ್ನು ಇಲ್ಲಿಗೇ ಬರಬಹುದು. ಆ ಸುದ್ದಿ ವಾರ್ಡಿಗೆ ತಲುಪಿದಾಗ ಎದ್ದ ಗದ್ದಲ ಪಂಪ್ ರೂಮಿಗೂ ಕೇಳಿಸಿತು. ಸೂಜಿ ಚುಚ್ಚಿಸಿಕೊಂಡ ಕೈಯಿಂದ ಚಪ್ಪಾಳೆ ತಟ್ಟಲಾಗದವರು ಕುರ್ಚಿಯ ಕೈ ಬಡಿದರಂತೆ. ಹಿರಿಯ ನರ್ಸ್ ಮೊದಲು ಗದರಿ, ಆಮೇಲೆ ತಾವೂ ಒಂದು ಟ್ರೇ ಬಡಿದರಂತೆ. ಮೇಸ್ತ್ರಿ ಪಂಪುಗಳ ಕಡೆ ನೋಡಿ, ಕೇಳಿಸಿತೇನ್ರೇ ಎಂದರು.

ಅವತ್ತು ಚಿಕಿತ್ಸೆ ಮುಗಿದ ಮೇಲೆ ದೊಡ್ಡಮ್ಮ ಹಟ ಹಿಡಿದಳು. ಸೊಸೆಯಂದಿರನ್ನು ನೋಡಲೇಬೇಕಂತೆ. ಅಮ್ಮ ಅವಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಹಿಂಬದಿಯ ಇಳಿಜಾರಿನಲ್ಲಿ ತಳ್ಳಿಕೊಂಡು ಬಂದಳು. ಪಂಪ್ ರೂಮಿನ ಹೊಸ್ತಿಲು ದಾಟಿಸಲು ನಾನೂ ಮೇಸ್ತ್ರಿಯೂ ಕೈಹಾಕಬೇಕಾಯಿತು. ಇಷ್ಟು ಚಿಕ್ಕವರಾ, ನೀರಿನ ವಾಸನೆ ಬೇರೆ, ಎಂದು ದೊಡ್ಡಮ್ಮ ಮೂಗೆಳೆದಳು. ಆಮೇಲೆ ಓಡುತ್ತಿದ್ದ ಪಂಪಿನ ಮೇಲೆ ಕೈ ಇಟ್ಟು ನೋಡಿದಳು.

"ಬಿಸಿ ಇದೆ. ಇವಳ್ಯಾರು?"

"ಕಿರಿಯವಳು" ಎಂದರು ಮೇಸ್ತ್ರಿ.

ದೊಡ್ಡಮ್ಮ ತಿರುಗಿ ಅಮ್ಮನನ್ನು ನೋಡಿದಳು. ಗಾಲಿಕುರ್ಚಿ ತಳ್ಳಿ ಅಮ್ಮನ ಮುಖದ ಮೇಲೆ ಬೆವರು ಇಳಿಯುತ್ತಿತ್ತು. ಆಮೇಲೆ ದೊಡ್ಡಮ್ಮ ಸೂಜಿಯ ಪಟ್ಟಿ ಇಲ್ಲದ ಕೈಯನ್ನು ಚಾಚಿ ಪಕ್ಕದ ಪಂಪನ್ನು ಮುಟ್ಟಿದಳು. ಅದು ತಣ್ಣಗಿತ್ತು, ಹೊಸದಾಗಿ ಬಳಿದ ಬಣ್ಣ ನುಣ್ಣಗಿತ್ತು. ಅವಳು ಅದರ ಬೆನ್ನನ್ನು ಎರಡು ಸಲ ತಟ್ಟಿದಳು.

"ಸುಮ್ನೆ ಕೂತ್ಕೋ" ಎಂದಳು ಅದಕ್ಕೆ. "ಮೊದ್ಲು ಮೊದ್ಲು ಕೂರೋಕಾಗಲ್ಲ. ಆಮೇಲೆ ಅಭ್ಯಾಸ ಆಗುತ್ತೆ."